ಹದಿನೈದು ನಿಮಿಷದಲ್ಲಿ ಬೀದಿ ಖಾಲಿ

ವಿಪತ್ತಿನ ತಾಲೀಮಿಗೆ ಸೈರನ್ ಕೂಗಿದ ಮೇಲೆ ಬೀದಿಯ ಕೊನೆಯ ಮನುಷ್ಯ ಶಾಲೆಯ ಮೈದಾನ ತಲುಪಲು ನಲವತ್ತೊಂದು ನಿಮಿಷ ಹಿಡಿಯಿತು. ಆ ಕೊನೆಯ ಮನುಷ್ಯ ನಿವೃತ್ತ ಹೆಡ್‌ಮೇಷ್ಟ್ರು. ಬೀಗ ಹಾಕಿದೆನೋ ಇಲ್ಲವೋ ಎಂದು ಮೂರು ಸಲ ವಾಪಸ್ ಹೋಗಿ ಎಳೆದು ನೋಡಿ ಬಂದಿದ್ದರು. ಅವರೊಬ್ಬರನ್ನೇ ದೂರಿ ಪ್ರಯೋಜನವಿಲ್ಲ. ಎರಡು ಮನೆಯ ಹೆಂಗಸರು "ಸರಿ ಹಾಗಾದ್ರೆ, ಹೋಗೋಣ" ಎಂದು ಗೇಟಿನ ಹತ್ತಿರ ಹನ್ನೊಂದು ನಿಮಿಷ ಹೇಳಿಕೊಂಡು ನಿಂತಿದ್ದರು. ಎಲೆಕ್ಟ್ರಿಷಿಯನ್ ಉಳಿದವರು ಹೇಗೆ ಓಡುತ್ತಾರೆಂದು ನೋಡಲು ತನ್ನ ಮಹಡಿ ಹತ್ತಿ ಕೂತಿದ್ದ. ಇನ್ನೊಂದು ಮನೆಯವರು ಅಜ್ಜಿಯನ್ನು ಒಳಗೇ ಬಿಟ್ಟು ಬೀಗ ಜಡಿದು ಬಂದು, ಅಜ್ಜಿಯೆಲ್ಲಿ ಎಂದು ಮೈದಾನದಲ್ಲೆಲ್ಲ ಹುಡುಕಿದರು.

"ಹದಿನೈದು ನಿಮಿಷದಲ್ಲಿ ಎಲ್ಲರೂ ಇಲ್ಲಿರಬೇಕು ಅಂತ ನಿಯಮ," ಎಂದರು ಅನುದಾನದ ಅಧಿಕಾರಿ, ಕೈಯಲ್ಲಿದ್ದ ಸ್ಟಾಪ್‌ವಾಚ್ ನೋಡುತ್ತ. "ಮುಂದಿನ ಶನಿವಾರ ಹತ್ತು ಗಂಟೆಗೆ ಇನ್ನೊಂದೇ ಅವಕಾಶ. ಅದೂ ತಪ್ಪಿದ್ರೆ ನಿಮ್ಮ ಅರ್ಜಿ ತಿರಸ್ಕಾರ."

ಟೈಲರಮ್ಮ ತನ್ನ ಮನೆಯ ಕಡೆ ತಿರುಗಿ ನೋಡಿದಳು. ಬೀದಿಯ ಹಿಂದೆ ಒಂದು ಗುಡ್ಡವಿದೆ. ಮಳೆಗಾಲದಲ್ಲಿ ಅದು ಒಂದೊಂದೇ ಹಿಡಿ ಕೆಳಗಿಳಿಯುತ್ತದೆ. ಅದರ ಬುಡಕ್ಕೆ ಅಂಟಿಕೊಂಡಿರುವುದು ಅವಳ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದೆ ಅಡುಗೆಮನೆ, ಅದರ ಹಿಂದೆ ಗುಡ್ಡ. ವಿಪತ್ತು ತಡೆಯುವ ಅನುದಾನ ಸಿಕ್ಕರೆ ಅಲ್ಲೊಂದು ತಡೆಗೋಡೆ ಏಳುತ್ತದೆ. ಸಿಗದಿದ್ದರೆ ಮಳೆಗೆ ಮೊದಲು ಮನೆ ಖಾಲಿ ಮಾಡಬೇಕೆಂದು ನೋಟಿಸು ಬಂದಾಗಿದೆ. ಅರ್ಜಿ ಬರೆದವಳು, ಸಹಿ ಹಾಕಿಸಿದವಳು, ಕಚೇರಿಗೆ ಅಲೆದು ಚಪ್ಪಲಿ ಸವೆಸಿದವಳು ಅವಳೇ. ಈಗ ಹೆಡ್‌ಮೇಷ್ಟ್ರ ಬೀಗದಿಂದಾಗಿ ಎಲ್ಲವೂ ಮಣ್ಣುಪಾಲಾಗುವ ಹಾಗಿತ್ತು.

ಅವತ್ತು ಮಧ್ಯಾಹ್ನ ಅವಳ ಅಂಗಡಿಗೆ ಕ್ಷೌರಿಕ ಬಂದ. ಅವನನ್ನು ಬೀದಿಯೆಲ್ಲ ಕರೆಯುವುದು ರೇಡಿಯೋ ಎಂದು. ಬೆಳಿಗ್ಗೆ ಅವನ ಕುರ್ಚಿಯಲ್ಲಿ ಆಡಿದ ಮಾತು ಕೆನ್ನೆಯ ನೊರೆ ಒಣಗುವ ಮೊದಲೇ ಬೀದಿಯ ಆ ತುದಿ ಮುಟ್ಟುತ್ತಿತ್ತು.

"ಅಮ್ಮಾ, ಈ ಜನ ಗುಡ್ಡ ಕುಸಿದ್ರೆ ಓಡಲ್ಲ," ಎಂದ. "ಆದ್ರೆ ಹೋದ ತಿಂಗಳು ನೀರಿನ ಟ್ಯಾಂಕ್ ಹತ್ರ ಇಬ್ರು ಜಗಳ ಆಡಿದ್ರಲ್ಲ, ಎಷ್ಟು ಹೊತ್ತಲ್ಲಿ ಸೇರಿದ್ರು ಗೊತ್ತಾ? ಮೂರೇ ನಿಮಿಷ! ಅಜ್ಜಿ ಸಹ ಬಂದಿದ್ರು."

"ಅದಕ್ಕೆ?"

"ಶನಿವಾರ ಮೈದಾನದಲ್ಲಿ ಒಂದು ಜಗಳ ಆಗ್ಬೇಕು. ಒಳ್ಳೆ ಜಗಳ."

"ಯಾರಾಡ್ತಾರೆ?"

ರೇಡಿಯೋ ಕಿಟಕಿಯಾಚೆಗೆ, ಎದುರು ಸಾಲಿನ ಹಿಟ್ಟಿನ ಗಿರಣಿಯ ಕಡೆ ನೋಡಿದ. ಟೈಲರಮ್ಮ ಕತ್ತರಿ ಕೆಳಗಿಟ್ಟಳು.

ಗಿರಣಿ ಅವಳ ವಾರಗಿತ್ತಿಯದು, ಗಂಡನ ಅಣ್ಣನ ಹೆಂಡತಿಯದು. ಇವಳಿಗೆ ಅಕ್ಕ. ಇಬ್ಬರೂ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಕಾರಣ ಒಂದು ಕೋಟು. ಇವಳು ಹೊಲಿದುಕೊಟ್ಟ ಕೋಟಿನ ಗುಂಡಿ ಕೂರುವುದಿಲ್ಲ ಎಂದು ಅಕ್ಕ ನಾಲ್ಕು ಜನರ ಮುಂದೆ ಅಂದಳು. "ಕೋಟು ಸರಿಯಾಗೇ ಇದೆ ಅಕ್ಕ, ಒಳಗಿರೋದು ಜಾಸ್ತಿ ಆಗಿದೆ," ಎಂದು ಇವಳೂ ಅದೇ ನಾಲ್ಕು ಜನರ ಮುಂದೆ ಅಂದಳು. ಮುಂದೆ ದೊಡ್ಡ ಜಗಳವಾಗುತ್ತದೆಂದು ಬೀದಿಯೆಲ್ಲ ಬಾಯಲ್ಲಿ ನೀರೂರಿಸಿಕೊಂಡು ಕಾದದ್ದೇ ಬಂತು. ಇಬ್ಬರೂ ಬಾಯಿಗೆ ಬೀಗ ಹಾಕಿ ಕೂತುಬಿಟ್ಟರು.

"ಮಾತೇ ಆಡದವಳ ಹತ್ರ ಜಗಳ ಆಡೋಣ ಬಾ ಅಂತ ಹೇಗೆ ಕರೀಲಿ?" ಎಂದು ಟೈಲರಮ್ಮ ರೇಗಿದಳು.

"ಅದು ನನಗೆ ಬಿಡಿ," ಎಂದ ರೇಡಿಯೋ. ಸಂಜೆಯೊಳಗೆ ಗಿರಣಿಗೆ ಸುದ್ದಿ ಮುಟ್ಟಿತ್ತು: ಆ ಕೋಟಿನ ವಿಷಯ ಮುಖಕ್ಕೆ ಮುಖ ಕೊಟ್ಟು ತೀರ್ಮಾನ ಮಾಡಲು ತಂಗಿ ಶನಿವಾರ ಹತ್ತಕ್ಕೆ ಸರಿಯಾಗಿ ಮೈದಾನಕ್ಕೆ ಬರುತ್ತಾಳಂತೆ. "ಬರಲಿ, ನಾನೂ ಬರ್ತೀನಿ!" ಎಂದು ಗಿರಣಿಯ ಸದ್ದನ್ನೂ ಮೀರಿಸಿ ಅಕ್ಕ ಕೂಗಿದಳಂತೆ.

ಶನಿವಾರ ಸೈರನ್ ಕೂಗಿತು. ಬೀದಿ ಆಕಳಿಸಿತು. ಹೆಡ್‌ಮೇಷ್ಟ್ರು ಬೀಗದ ಕೈ ಹುಡುಕತೊಡಗಿದರು. ಅಷ್ಟರಲ್ಲಿ ರೇಡಿಯೋ ಬೀದಿಯ ಮೇಲಿಂದ ಕೆಳಕ್ಕೆ ಎದ್ದೆನೋ ಬಿದ್ದೆನೋ ಎಂದು ಓಡುತ್ತ, "ಶುರುವಾಯ್ತು! ಗಿರಣಿಯೋರು, ಟೈಲರಮ್ಮ, ಮೈದಾನದಲ್ಲಿ!" ಎಂದು ಕಿರುಚಿದ.

ಬಾಗಿಲುಗಳು ದಡದಡನೆ ತೆರೆದುಕೊಂಡವು. ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡವನು ಓಡಿದ. ಎಲೆಕ್ಟ್ರಿಷಿಯನ್ ಏಣಿಯಿಂದ ಹಾರಿದ. ಅಜ್ಜಿ ತನ್ನನ್ನು ಕುರ್ಚಿ ಸಮೇತ ಎತ್ತಲು ಇಬ್ಬರು ಮೊಮ್ಮಕ್ಕಳಿಗೆ ಅಪ್ಪಣೆ ಮಾಡಿ, ದಾರಿಯುದ್ದಕ್ಕೂ ಬೇಗ, ಬೇಗ ಎಂದು ಅವರ ತಲೆ ಮೊಟಕಿದಳು. ಗೇಟಿನ ಹೆಂಗಸರಿಬ್ಬರೂ ಒಬ್ಬರಿಗೊಬ್ಬರು ಏನೂ ಹೇಳದೆ ಹೊರಟದ್ದು ಅದೇ ಮೊದಲು.

ಮೈದಾನದಲ್ಲಿ ಟೈಲರಮ್ಮ ಅಕ್ಕನ ಎದುರು ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಆಡಬೇಕಾದ ಮಾತುಗಳನ್ನು ವಾರವಿಡೀ ಉರು ಹೊಡೆದಿದ್ದಳು. ಕಣ್ಣು ಮಾತ್ರ ಅಧಿಕಾರಿಯ ಪಟ್ಟಿಯ ಮೇಲಿತ್ತು. ಬೀದಿಯಲ್ಲಿರುವವರು ನೂರಾ ಹನ್ನೆರಡು. ಗುರುತು ಬಿದ್ದದ್ದು ಅರವತ್ತಕ್ಕೆ.

"ನನ್ನ ಅಳತೆ ಯಾವತ್ತೂ ತಪ್ಪಿಲ್ಲ ಅಕ್ಕ!" ಎಂದು ಗಂಟಲು ಹರಿಯುವ ಹಾಗೆ ಕೂಗಿದಳು.

ಅಕ್ಕ ಭುಜ ಇಳಿಬಿಟ್ಟಳು. "ತಪ್ಪಿಲ್ಲ," ಎಂದಳು. "ನಾನೇ ದಪ್ಪ ಆಗಿದ್ದೆ. ಮುಗೀತಲ್ಲ?"

ಟೈಲರಮ್ಮ ಪಟ್ಟಿಯ ಕಡೆ ಕಣ್ಣು ಹಾಯಿಸಿದಳು. ಇನ್ನೂ ಐವತ್ತು ಜನ ಬರಬೇಕು!

"ಮುಗೀತು ಅಂದ್ರೆ? ನಾಲ್ಕು ಜನರ ಮುಂದೆ ನನ್ನ ಮಾನ ಕಳೆದೆ!"

"ಕಳೆದೆ. ತಪ್ಪಾಯ್ತು."

"ನಿ... ನಿನ್ನ ಗಿರಣಿ ಸದ್ದಿಗೆ ನನ್ನ ಕಿವಿ ಹೋಯ್ತು!"

"ಬೆಲ್ಟ್ ಬದಲಾಯಿಸ್ತೀನಿ."

ಜನ ಮುಖ ಮುಖ ನೋಡಿಕೊಂಡರು. "ಇದೇನು ಜಗಳಾನಾ?" ಎಂದು ಅಜ್ಜಿ ಕುರ್ಚಿಯಿಂದ ಗೊಣಗಿದಳು. ಹಿಂದಿನ ಸಾಲಿನವರು ಮನೆಯ ಕಡೆ ತಿರುಗಿಯೇಬಿಟ್ಟರು. ಅಧಿಕಾರಿಯ ಪೆನ್ನು ಎಂಬತ್ತೆಂಟರಲ್ಲಿ ನಿಂತಿತು. ಉರು ಹೊಡೆದದ್ದೆಲ್ಲ ಖರ್ಚಾಗಿ ಟೈಲರಮ್ಮನ ತಲೆ ಬರಿದಾಗಿತ್ತು. ಬರಿದಾದ ತಲೆಯಿಂದ, ತಾನೇ ಬೇಡವೆಂದು ಒಳಗೆ ಅದುಮಿಟ್ಟಿದ್ದ ಮಾತು ಹೊರಬಿತ್ತು.

"ಹೋದ ಮಳೇಲಿ ನನ್ನ ಅಡುಗೆಮನೆ ಕಿಟಕಿ ತನಕ ಮಣ್ಣು ಬಂತು. ಬೀದಿಯವರೆಲ್ಲ ಬಂದು ನೋಡಿ ಹೋದ್ರು. ನೀನೊಬ್ಬಳು ಬರಲಿಲ್ಲ. ಸತ್ತಿದ್ದೀಯಾ ಬದುಕಿದ್ದೀಯಾ ಅಂತ ಕೇಳಲಿಲ್ಲ!"

ಅಕ್ಕನ ಮುಖ ಕೆಂಪಾಯಿತು.

"ನಾನು ಬರಲಿಲ್ವಾ? ನೀನು ಮೂರು ದಿನ ಕಚೇರಿ ಬಾಗಿಲು ಕಾಯ್ತಾ ಕೂತಿದ್ದಾಗ ಆ ಮಣ್ಣು ತೆಗೆದವರು ಯಾರು?"

"ನಗರಸಭೆಯೋರು! ನಾನು ಅವರಿಗೆ ವಂದನೆ ಹೇಳಿ ಪತ್ರ ಬರೆದೆ. ಅದು ನಮ್ಮ ಕರ್ತವ್ಯ ಅಂತ ಅವರು ಉತ್ತರ ಬರೆದ್ರು!"

"ಅವರ ಕರ್ತವ್ಯಕ್ಕಿಷ್ಟು ಬೆಂಕಿ ಹಾಕ! ತೆಗೆದವಳು ನಾನು! ನನ್ನ ಹಿಟ್ಟಿನ ತಳ್ಳುಗಾಡೀಲಿ, ಯಾರಿಗೂ ಕಾಣದ ಹಾಗೆ ಹಿತ್ತಿಲ ದಾರೀಲಿ, ಎಪ್ಪತ್ತೆರಡು ಸಲ! ಸೊಂಟ ಬಿದ್ದುಹೋಯ್ತು!"

"ಓ, ಅದಕ್ಕೇನಾ ಹಿಟ್ಟಲ್ಲಿ ಕಲ್ಲು ಸಿಗ್ತಿದ್ದದ್ದು!" ಎಂದು ಯಾರೋ ಕೂಗಿದರು. ತಿರುಗಿ ಹೊರಟಿದ್ದವರೆಲ್ಲ ಮತ್ತೆ ಓಡಿಬಂದರು. ಹೆಡ್‌ಮೇಷ್ಟ್ರು ಏದುಸಿರು ಬಿಡುತ್ತ ಕೊನೆಯವರಾಗಿ ಮೈದಾನಕ್ಕೆ ಕಾಲಿಟ್ಟು, "ಮೊದಲಿಂದ ಹೇಳಿ, ಮೊದಲಿಂದ ಹೇಳಿ!" ಎಂದರು.

"ನೂರಾ ಹನ್ನೆರಡು!" ಎಂದು ಅಧಿಕಾರಿ ಗಡಿಯಾರ ಒತ್ತಿದರು. "ಹನ್ನೆರಡೂವರೆ ನಿಮಿಷ. ತೇರ್ಗಡೆ, ಅನುದಾನ ಮಂಜೂರು! ಜನ ಯಾಕೆ ಬಂದ್ರು ಅಂತ ಬರೆಯೋಕೆ ನಮ್ಮ ನಮೂನೆಯಲ್ಲಿ ಜಾಗ ಇಲ್ಲ, ಪುಣ್ಯ. ಎಲ್ಲರೂ ಮನೆಗೆ ಹೋಗಬಹುದು."

ಒಬ್ಬರೂ ಕದಲಲಿಲ್ಲ.

ಟೈಲರಮ್ಮನಿಗೆ ಅನುದಾನ ಸಿಕ್ಕಿದ್ದು ಕೇಳಿಸಿತು, ಆದರೆ ತಲೆಗೆ ಹೋಗಲಿಲ್ಲ. ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು. "ಯಾಕಕ್ಕ ನನಗೆ ಹೇಳಲಿಲ್ಲ?"

"ಹೇಗೆ ಹೇಳ್ಲಿ? ಮಾತು ಬಿಟ್ಟಿದ್ವಲ್ಲ!"

ಅದು ನ್ಯಾಯವೇ ಎಂದು ಇಡೀ ಬೀದಿ ತಲೆಯಾಡಿಸಿತು.

"ಅಕ್ಕ, ನಿನ್ನನ್ನ ಇಲ್ಲಿಗೆ ಕರೆಸಿದ್ದು ನಾಟಕಕ್ಕೆ. ಜನ ಸೇರ್ಲಿ ಅಂತ."

ಅಕ್ಕ ಅಧಿಕಾರಿಯನ್ನು ನೋಡಿದಳು, ಪಟ್ಟಿಯನ್ನು ನೋಡಿದಳು, ಇವಳನ್ನು ನೋಡಿದಳು. ಈಗ ನಿಜವಾದ ಜಗಳ ಎಂದು ಅಜ್ಜಿ ಕುರ್ಚಿ ಮುಂದೆ ಸರಿಸಲು ಸನ್ನೆ ಮಾಡಿದಳು.

"ಗೋಡೆ ಬರುತ್ತಾ?" ಎಂದಳು ಅಕ್ಕ.

"ಬರುತ್ತೆ."

"ನೀನು ಮನೆ ಬಿಡೋದಿಲ್ಲ ತಾನೇ?"

"ಇಲ್ಲ ಅಕ್ಕ."

ಅಕ್ಕ ಶಾಲೆಯ ಮೆಟ್ಟಿಲ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತಳು. "ಆ ನೋಟಿಸು ಬಂದಾಗಿಂದ ನನಗೆ ಊಟ ಸೇರಿಲ್ಲ ಕಣೇ," ಎಂದಳು. "ನೀನು ಹೊರಟುಹೋದ್ರೆ ನಾನು ಯಾರ ಜೊತೆ ಮಾತು ಬಿಟ್ಟು ಕೂತಿರ್ಲಿ?"