ಮಗ್ಗ ನಿಲ್ಲಿಸಿದ ಭಾನುವಾರ

ನಮ್ಮ ಬೀದಿಯಲ್ಲಿ ಒಂದು ಮನೆಯವರನ್ನು ಹಳಿಯಬೇಕೆಂದರೆ ಕೆಟ್ಟ ಬೈಗುಳವೇನೂ ಬೇಕಿಲ್ಲ. 'ಅವರ ಮನೆಗೆ ಹೋದ್ರೆ ಮಗ್ಗಾನೂ ನಿಲ್ಸಲ್ಲ' ಅಂದರೆ ಸಾಕು. ದೊಡ್ಡಬಳ್ಳಾಪುರದ ನೇಕಾರರ ಬೀದಿ ಇದು. ಪವರ್‌ಲೂಮ್ ಓಡುವಾಗ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಅದಕ್ಕೇ ಯಾರೇ ಮನೆಗೆ ಬರಲಿ, ಮೊದಲು ಸ್ವಿಚ್ ಆರಿಸಿ ಆಮೇಲೆ 'ಬನ್ನಿ' ಅನ್ನುತ್ತೇವೆ. ಆ ಹೊತ್ತಿನ ಕೂಲಿ ಹೋದರೆ ಹೋಗಲಿ, ಬಂದವರಿಗೆ ಮರ್ಯಾದೆ ಮುಖ್ಯ. ಆ ಮರ್ಯಾದೆಯೇ ನನ್ನ ತಂಗಿಯ ಓದನ್ನು ತಿಂದುಹಾಕಿತು.

ತಂಗಿ ಪದ್ಮಶ್ರೀ ಧಾರವಾಡದ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಳು. ಅಪ್ಪ ತೀರಿಕೊಂಡಾಗ ನಾನು ಪಿಯುಸಿಗೇ ಓದು ಬಿಟ್ಟು ಅವರ ಮಗ್ಗಕ್ಕೆ ನಿಂತವಳು. ಇನ್ನೊಂದು ಮಗ್ಗ ಅಮ್ಮನದು. ನಮ್ಮಿಬ್ಬರ ದುಡಿಮೆ ಮನೆಗೇ ಸರಿಹೋಗುತ್ತಿತ್ತು. ತಂಗಿಯ ಹಾಸ್ಟೆಲ್ಲು, ಮೆಸ್ಸು, ಫೀಸು ಎಲ್ಲವನ್ನೂ ನೋಡಿಕೊಂಡದ್ದು ಸ್ಕಾಲರ್‌ಶಿಪ್. ಊರು ಬಿಟ್ಟು ಓದಲು ಹೋಗುವ ನೇಕಾರರ ಮಕ್ಕಳಿಗೆಂದು ಬೆಂಗಳೂರಿನ ಸೀರೆ ವ್ಯಾಪಾರಿಗಳ ಒಂದು ಟ್ರಸ್ಟ್ ಅದನ್ನು ಕೊಡುತ್ತಿತ್ತು. ಸುಳ್ಳು ಹೇಳಬಾರದು, ಮೊದಲ ವರ್ಷ ಸರಿಯಾಗಿಯೇ ಕೊಟ್ಟರು. ಹೊರಡುವ ದಿನ ರೈಲು ಹತ್ತಲು ಹೆದರಿ ನನ್ನ ಸೆರಗು ಹಿಡಿದು ನಿಂತಿದ್ದ ಹುಡುಗಿ, ಸಂಕ್ರಾಂತಿಗೆ ಬಂದಾಗ ಅಲ್ಲಿಯವರ ಹಾಗೆ 'ಹೌದ್ರಿ', 'ಬರ್ರಿ' ಅನ್ನುತ್ತ ಅಮ್ಮನನ್ನು ನಗಿಸಿದಳು. ತರಗತಿಗೆ ಎರಡನೆಯವಳು. ನನಗೆ ಹೆಮ್ಮೆಯಾಯಿತು, ಹೊಟ್ಟೆಕಿಚ್ಚೂ ಆಯಿತು. ಯಾವುದನ್ನೂ ಬಾಯಿಬಿಟ್ಟು ಹೇಳಲಿಲ್ಲ.

ಎರಡನೆಯ ವರ್ಷಕ್ಕೆ ಟ್ರಸ್ಟಿನವರು ಹೊಸ ನಿಯಮ ತಂದರು. ಮನೆಗೇ ಬಂದು, ಇದು ಮಗ್ಗ ನಂಬಿದ ಬಡ ಕುಟುಂಬ ಹೌದೋ ಅಲ್ಲವೋ ನೋಡಿಕೊಂಡು ಆಮೇಲೆ ಕೊಡುವುದಂತೆ.

ಸುದ್ದಿ ತಂದವನು ಟ್ರಸ್ಟಿನ ಸ್ಥಳೀಯ ಕಾರ್ಯದರ್ಶಿ ಆನಂದಣ್ಣ. ನಮ್ಮ ಬೀದಿಯಲ್ಲೇ ಹುಟ್ಟಿ ಬೆಳೆದವನು. ಈಗ ಪೇಟೆಯಲ್ಲಿ ಜರಿ ಅಂಗಡಿ ಇಟ್ಟಿದ್ದಾನೆ.

"ಭಾನುವಾರ ಹನ್ನೊಂದ್ ಗಂಟೆಗೆ ಬರ್ತಾರೆ ರೇಖಾ. ದೊಡ್ಡ ಜನ, ಚೆನ್ನಾಗಿ ನೋಡ್ಕೊಳ್ಳಿ" ಅಂದ.

ನೋಡಿಕೊಂಡೆವು. ಅಮ್ಮ ಶನಿವಾರವೆಲ್ಲ ಗೋಡೆಗೆ ಹತ್ತಿದ ನೂಲಿನ ಧೂಳು ಹೊಡೆದಳು. ಪಕ್ಕದ ಮನೆಯಿಂದ ನಾಲ್ಕು ಒಳ್ಳೆಯ ಕುರ್ಚಿ ತಂದೆ. ಗೋಡಂಬಿ ಹಾಕಿ ಕೇಸರಿಬಾತ್ ಮಾಡಿದೆವು. ಅಮ್ಮ ತನ್ನ ಮದುವೆಯ ರೇಷ್ಮೆ ಸೀರೆ ಉಟ್ಟಳು. ಹತ್ತು ಗಂಟೆಗೇ ಎರಡೂ ಮಗ್ಗ ನಿಲ್ಲಿಸಿ, ಒರೆಸಿ, ಅರ್ಧ ನೇಯ್ದ ಸೀರೆಗಳ ಮೇಲೆ ಒಗೆದ ಬಿಳಿ ಬಟ್ಟೆ ಹೊದಿಸಿದಳು. ಆಯುಧಪೂಜೆಯ ದಿನದ ಹಾಗೆ ಕುಂಕುಮ ಇಟ್ಟು ಹೂವು ಮುಡಿಸಿದಳು. ಧಾರವಾಡದಿಂದ ಪದ್ಮಶ್ರೀ ಫೋನ್ ಮಾಡಿ, "ಅಕ್ಕ, ಸಿಡಿಮಿಡಿ ಅನ್ಬೇಡ, ನಗ್ತಾ ಮಾತಾಡು" ಅಂದಳು. ನನ್ನ ಸ್ವಭಾವ ಅವಳಿಗೆ ಗೊತ್ತು.

ನಗುತ್ತಲೇ ಇದ್ದೆ. ಆದರೆ ಮಾತಾಡಲು ಅವರು ಏನಾದರೂ ಕೇಳಬೇಕಲ್ಲ! ಕಾರಿನಿಂದ ಮೂವರು ಇಳಿದರು, ಹಿಂದೆ ಆನಂದಣ್ಣ. ಕುರ್ಚಿಯಲ್ಲಿ ಕೂತರು, ಕೇಸರಿಬಾತ್ ತಿಂದರು, ತಟ್ಟೆಯಲ್ಲಿ ಒಂದು ಗೋಡಂಬಿಯನ್ನೂ ಉಳಿಸಲಿಲ್ಲ. ಅವರಲ್ಲೊಬ್ಬ ಕನ್ನಡಕದ ಆಡಿಟರು. ಬಟ್ಟೆ ಹೊದ್ದ ಮಗ್ಗದ ಫೋಟೋ ತೆಗೆದ, ಅಮ್ಮನ ರೇಷ್ಮೆ ಸೀರೆ ನೋಡಿದ, ಹಾಳೆಯಲ್ಲಿ ಏನೋ ಬರೆದ. ಹತ್ತು ನಿಮಿಷಕ್ಕೆ ಎದ್ದರು. ಅಮ್ಮ ಕೊಟ್ಟ ತಾಂಬೂಲವನ್ನೂ ತೆಗೆದುಕೊಂಡು ಹೋದರು.

"ಎಷ್ಟು ಒಳ್ಳೆ ಜನ, ಒಂದ್ ಪ್ರಶ್ನೆನೂ ಕೇಳ್ಲಿಲ್ಲ ನೋಡು" ಅನ್ನುತ್ತ ಅಮ್ಮ ಮಗ್ಗ ಶುರುಮಾಡಿದಳು.

ಹದಿನೈದು ದಿನಕ್ಕೆ ಪದ್ಮಶ್ರೀಯ ಮೊಬೈಲಿಗೆ ಉತ್ತರ ಬಂತು. ಅರ್ಜಿ ತಿರಸ್ಕರಿಸಲಾಗಿದೆ. ಮಗ್ಗಗಳು ಬಳಕೆಯಲ್ಲಿಲ್ಲ. ಕುಟುಂಬ ಅನುಕೂಲಸ್ಥ.

ಉಟ್ಟ ಸೀರೆಯಲ್ಲೇ ಆನಂದಣ್ಣನ ಅಂಗಡಿಗೆ ಓಡಿದೆ.

"ಮಗ್ಗ ನಿಲ್ಸಿದ್ದು ಅವ್ರಿಗೆ ಮರ್ಯಾದೆ ಕೊಡೋಕೆ ಅಂತ ನಿಂಗೂ ಗೊತ್ತಿರ್ಲಿಲ್ವಾ ಆನಂದಣ್ಣ?"

"ಗೊತ್ತಿತ್ತು ಕಣಮ್ಮ."

"ಮತ್ತೆ ಹೇಳೋಕೆ ಏನಾಗಿತ್ತು?"

"ಅಷ್ಟು ದೊಡ್ಡೋರ ಮುಂದೆ, ನೀವ್ ಬರೀತಿರೋದು ತಪ್ಪು ಅಂತ ಹೆಂಗಮ್ಮ ಹೇಳ್ಲಿ? ಮುಂದಿನ್ ವರ್ಷ ಅರ್ಜಿ ಹಾಕಿ, ನಾನೇ ನಿಂತು ಮಾಡಿಸ್ಕೊಡ್ತೀನಿ."

"ಮುಂದಿನ್ ವರ್ಷಕ್ಕೆ ಅವಳ ಓದೇ ಮುಗೀಬೇಕಿತ್ತು."

ಅವನು ಜರಿ ಉಂಡೆಗಳನ್ನು ಸುಮ್ಮನೆ ಅತ್ತಿಂದಿತ್ತ ಸರಿಸಿದ. ಆಮೇಲೆ, "ಕೇಸರಿಬಾತ್ ಚೆನ್ನಾಗಿತ್ತು ಅಂತ ಎಲ್ರೂ ಅಂದ್ರು" ಅಂದ. ಕೈಗೆ ಸಿಕ್ಕ ಉಂಡೆಯನ್ನು ಅವನ ಮುಖಕ್ಕೆ ಎಸೆಯಬೇಕೆನಿಸಿತು. ಎಸೆಯದೆ ಬಂದದ್ದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕೇಳಬಾರದವರನ್ನೆಲ್ಲ ಸಾಲ ಕೇಳಿ ನೋಡಿದೆವು. ಫೀಸು ಕಟ್ಟುವ ಕೊನೆಯ ದಿನ ಕಳೆಯಿತು. ಪದ್ಮಶ್ರೀ ಟ್ರಂಕು ಎತ್ತಿಕೊಂಡು ಬೆಳಗಿನ ರೈಲಿಗೆ ಬಂದುಬಿಟ್ಟಳು. "ಒಂದ್ ವರ್ಷ ತಾನೇ ಅಕ್ಕ, ಆಮೇಲೆ ಹೋಗ್ತೀನಿ" ಅಂದಳು. ನನ್ನ ಓದು ನಿಂತಾಗ ನಾನೂ ಇದೇ ಮಾತು ಹೇಳಿದ್ದೆ. ಅಮ್ಮ ಮಾತ್ರ "ಬಿಳಿ ಬಟ್ಟೆ ಹೊದಿಸಿದ್ದು ನಾನೇ, ನಾನೇ" ಅನ್ನುತ್ತ ಹಾಸಿಗೆ ಹಿಡಿದಳು. ಅವಳ ಮಗ್ಗಕ್ಕೆ ಪದ್ಮಶ್ರೀ ನಿಂತಳು. ಅಭ್ಯಾಸವಿಲ್ಲದ ಕೈ, ದಿನವೂ ಎಳೆ ಹರಿಯುತ್ತಿತ್ತು. ಅವಳ ನೋಟ್‌ಬುಕ್ಕುಗಳು ಕಿಟಕಿಯ ಕಟ್ಟೆಯ ಮೇಲಿದ್ದವು. ಬೆಳಗಾದರೆ ಅವುಗಳ ಮೇಲಿನ ಧೂಳು ಒರೆಸಿ, ತೆರೆಯದೆ ಅಲ್ಲೇ ಇಡುತ್ತಿದ್ದಳು.

ಮೂರು ತಿಂಗಳಾದ ಮೇಲೆ ಆನಂದಣ್ಣ ಅಮ್ಮನಿಗೆ ಫೋನ್ ಮಾಡಿದ. ಟ್ರಸ್ಟಿನ ವಾರ್ಷಿಕೋತ್ಸವವಂತೆ. ಪದ್ಮಶ್ರೀ ಚೆನ್ನಾಗಿ ಮಾತಾಡುತ್ತಾಳೆ, ಸ್ಕಾಲರ್‌ಶಿಪ್ ಬಂದ ಮಕ್ಕಳ ಹೆಸರನ್ನು ವೇದಿಕೆಯಲ್ಲಿ ಅವಳೇ ಓದಿದರೆ ಕಳೆ ಕಟ್ಟುತ್ತದಂತೆ. ಕರೆಯಲು ತಾನೇ ಬರುತ್ತೇನೆ ಅಂದನಂತೆ.

ಮರುದಿನವೇ ಬಂದ. ಎರಡೂ ಮಗ್ಗ ಓಡುತ್ತಿದ್ದವು. ಬಾಗಿಲಲ್ಲಿ ನಿಂತು ಆಹ್ವಾನಪತ್ರಿಕೆ ಎತ್ತಿ ತೋರಿಸುತ್ತ ಏನೋ ಹೇಳಿದ. ತುಟಿ ಆಡಿದ್ದಷ್ಟೇ ಕಂಡಿತು. ಪದ್ಮಶ್ರೀಯ ಕೈ ತನ್ನಷ್ಟಕ್ಕೆ ಸ್ವಿಚ್ಚಿನ ಕಡೆ ಹೋಯಿತು. ಹುಟ್ಟಿನಿಂದ ಕಲಿತದ್ದು, ಎಲ್ಲಿ ಹೋಗುತ್ತದೆ? ನಾನು ಆ ಕೈ ಹಿಡಿದುಕೊಂಡೆ.

ಅವನು ಕಾದ. ಇನ್ನಷ್ಟು ಗಟ್ಟಿಯಾಗಿ ಕೂಗಿದ. ನಾವಿಬ್ಬರೂ ಅವನನ್ನೇ ನೋಡುತ್ತ ನಿಂತಿದ್ದೆವು. ನಮ್ಮ ಬೀದಿಯ ಹುಡುಗನಲ್ಲವೇ, ಸ್ವಲ್ಪ ಹೊತ್ತಿಗೆ ಮುಖ ಕಪ್ಪಿಟ್ಟಿತು.

"ಮಗ್ಗ ಓಡ್ತಿದೆ ಆನಂದಣ್ಣ, ಬರ್ಕೊಂಡು ಹೋಗು" ಅಂದೆ.

ನಾನು ಹೇಳಿದ್ದು ಅವನಿಗೆ ಕೇಳಿಸಲಿಲ್ಲ. ಮಗ್ಗ ಕೇಳಿಸಿತು. ಪತ್ರಿಕೆಯನ್ನು ಹೊಸಿಲ ಮೇಲಿಟ್ಟು ತಲೆ ತಗ್ಗಿಸಿ ಹೋದ.