ಪಕ್ಕದ ಸೀಟಿನ ಬ್ರೇಕು

ಅಕ್ಕ-ತಂಗಿಯರ ಮನೆಗೆ ಬಂದ ಸೋದರಮಾವ ಚಪ್ಪಲಿ ಬಿಡುವ ಮೊದಲೇ ಬೈಗುಳದ ಗಂಟು ಬಿಚ್ಚಿದ.

"ಅದೂ ಒಂದು ವಿಮಾನ ಕಂಪನಿಯಾ? ಅಗ್ಗದ ಟಿಕೆಟ್ ಕೊಟ್ಟು ಅರ್ಧ ದಿನ ಕೂರಿಸಿಬಿಟ್ರು! ನಾನು ಬರೋದರೊಳಗೆ ಕಾರು ಇನ್ಯಾರದೋ ಪಾಲಾಯ್ತು."

ಮಾವನದು ಡ್ರೈವಿಂಗ್ ಸ್ಕೂಲು. ಕಲಿಸುವವನ ಕಾಲಡಿಯಲ್ಲೂ ಒಂದು ಬ್ರೇಕು ಇರುವ ಹಳೆಯ ಕಾರೊಂದನ್ನು ಕೊಳ್ಳಲೆಂದೇ ಅವನು ಈ ಊರಿಗೆ ಹಾರಿಬಂದದ್ದು.

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ತಂಗಿ ತಲೆ ಎತ್ತಲಿಲ್ಲ. ಎತ್ತಿದರೆ ಮುಖವೇ ಎಲ್ಲ ಹೇಳಿಬಿಡುತ್ತದೆಂಬ ಅಂಜಿಕೆ. ಇಲ್ಲಿಂದ ಹೋಗಿ ಮಾವನನ್ನು ಕರೆತರಬೇಕಿದ್ದ ಆ ವಿಮಾನದ ಸಹಪೈಲಟ್ ಅವಳ ಅಕ್ಕ. ಬೆಳಕು ಹರಿಯುವ ಮುಂಚೆ ಅಕ್ಕ ಕನ್ನಡಿಯ ಮುಂದೆ ಸಮವಸ್ತ್ರದ ಗುಂಡಿ ಹಾಕುತ್ತಿದ್ದಳು. ಒಂದು ತಪ್ಪಿತು. ಬಿಚ್ಚಿ ಹಾಕಿದರೆ ಮತ್ತೆ ತಪ್ಪಿತು. ಸಾಲಾಗಿ ರಾತ್ರಿ ಪಾಳಿ ಮಾಡಿಸಿ, ನಡುವೆ ಹೆಸರಿಗೊಂದು ಬಿಡುವು ಕೊಟ್ಟು, ಬೆಳಗಿನ ಪಾಳಿಗೆ ಹಾಕಿದ್ದರು. ಆ ಬಿಡುವಿನಲ್ಲಿ ನಿದ್ದೆ ಹತ್ತಿರವೂ ಸುಳಿದಿರಲಿಲ್ಲ. ಅಕ್ಕ ಕನ್ನಡಿಯನ್ನೇ ನೋಡುತ್ತ ಫೋನ್ ಎತ್ತಿಕೊಂಡು, "ಇವತ್ತು ವಿಮಾನ ಹಾರಿಸೋ ಸ್ಥಿತಿಯಲ್ಲಿ ನಾನಿಲ್ಲ" ಎಂದಿದ್ದಳು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಸಂಜೆ ಮ್ಯಾನೇಜರ್ ಫೋನ್ ಮಾಡುವವರಿದ್ದರು.

"ಕಡಿಮೆ ದುಡ್ಡು ತಗೊಳೋರು ಎಲ್ಲಿ ಉಳಿಸ್ತಾರೆ? ನಟ್ಟು ಬೋಲ್ಟಲ್ಲೇ!" ಮಾವನ ದನಿಗೆ ಕಿಟಕಿಯ ಗಾಜು ಗಡಗಡ ಎಂದಿತು.

"ಅದು ಸುಳ್ಳು ಮಾವ." ಅಕ್ಕ ಕಣ್ಣುಜ್ಜುತ್ತ ಕೋಣೆಯಿಂದ ಬಂದಳು. "ಊಟ ಕೊಡಲ್ಲ, ಕಾಲು ಚಾಚೋಕೆ ಜಾಗ ಕೊಡಲ್ಲ, ಅದಕ್ಕೆಲ್ಲ ಬಾಯ್ತುಂಬ ಬೈಯಿ. ಆದ್ರೆ ನಮ್ಮ ಮೆಕ್ಯಾನಿಕ್ 'ಇದು ಹೊರಡಲ್ಲ' ಅಂದ್ರೆ ಮಾಲೀಕನೇ ಬಂದು ನಿಂತ್ರೂ ಅದು ಹೊರಡಲ್ಲ."

"ಓಹೋ, ಸಂಬಳ ಮಾತಾಡ್ತಿದೆ! ಹಾಗಾದ್ರೆ 'ತಾಂತ್ರಿಕ ಕಾರಣ' ಅಂತ ಮೈಕಲ್ಲಿ ಬಡ್ಕೊಂಡ್ರಲ್ಲ? ನಟ್ಟು ಬೋಲ್ಟಲ್ದೆ ಇನ್ನೇನು, ಗಾಳಿಪಟದ ಬಾಲಾನಾ?"

ಅಕ್ಕನ ಮುಖ ಸಣ್ಣಗಾಯಿತು. "ಹಾಗಂದ್ರಾ? ಕಾರಣ ನಾನು ಮಾವ. ನಿದ್ದೆ ಆಗಿರಲಿಲ್ಲ, ಬರಲ್ಲ ಅಂದೆ."

ಮಾವ ಕುರ್ಚಿ ಎಳೆದುಕೊಂಡು ಕೂತ.

"ನಿನ್ನ ಕಾರಲ್ಲಿ ಪಕ್ಕದ ಸೀಟಿಗೂ ಬ್ರೇಕ್ ಯಾಕೆ ಬೇಕು? ನಾನೂ ಪಕ್ಕದ ಸೀಟಲ್ಲೇ ಕೂರೋಳು. ಅಲ್ಲಿ ತೂಕಡಿಸಿದ್ರೆ?"

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಮ್ಯಾನೇಜರ್! ಅಕ್ಕ ಸ್ಪೀಕರ್ ಒತ್ತಿ ಫೋನನ್ನು ಮೇಜಿನ ಮೇಲಿಟ್ಟಳು.

"ಮಲಗಿದ್ರಾ?" ಮೊದಲು ಬಂದ ಮಾತೇ ಅದು. "ನೀವು ಬರಲ್ಲ ಅಂದಿದ್ದು ಸರಿ. ಅದಕ್ಕೆ ವಿಚಾರಣೆ ಗಿಚಾರಣೆ ಏನೂ ಇಲ್ಲ. ಆ ಪಾಳಿಗೆ ಒಪ್ಪಿಗೆ ಹಾಕಿದ್ದು ನಾನು, ತಪ್ಪು ನಂದು. ಬದಲಾಯಿಸಿದೀನಿ."

ತಂಗಿಗೆ ಹೋದ ಜೀವ ಬಂದಂತಾಯಿತು. ಅಷ್ಟಕ್ಕೆ ಸುಮ್ಮನಿದ್ದರೆ ಅವಳು ಅಕ್ಕ ಹೇಗಾದಾಳು!

"ಸಾರ್, ಪ್ರಯಾಣಿಕರಿಗೆ ತಾಂತ್ರಿಕ ಕಾರಣ ಅಂದ್ರಂತೆ. ಕೂತು ಕಾದವರು ಇಲ್ಲೇ ಇದಾರೆ, ನೀವೇ ಕೇಳಿ."

ಮಾವ ಎರಡೂ ಕೈ ಅಡ್ಡಡ್ಡ ಆಡಿಸಿ ಬೇಡ ಬೇಡ ಎಂದ. ಮ್ಯಾನೇಜರ್ ಸಿಕ್ಕರೆ ನೀರಿಳಿಸುತ್ತೇನೆ ಎಂದು ದಾರಿಯುದ್ದಕ್ಕೂ ಹಲ್ಲು ಕಡಿದು ಬಂದವನು ಈಗ ಗಂಟಲು ಸರಿಮಾಡಿಕೊಂಡ.

"ಸಾರ್, ನಿಮ್ಮಿಂದ ನನ್ನ ಕಾರು ಹೋಯ್ತು. ಅದು ಹಾಳಾಗಿ ಹೋಗ್ಲಿ. ಪೈಲಟ್‌ಗೆ ನಿದ್ದೆ ಆಗಿಲ್ಲ, ಬೇರೆಯವರು ಬರ್ತಿದಾರೆ ಅಂದಿದ್ರೆ ನಾವೇನು ನಿಮ್ಮನ್ನ ನುಂಗ್ತಿದ್ವಾ? ನಾನಂತೂ ಚಪ್ಪಾಳೆ ತಟ್ಟಿ ಕಾಯ್ತಿದ್ದೆ. ಇಷ್ಟು ಒಳ್ಳೇ ಕೆಲಸ ಮಾಡಿ, ಅದನ್ನ ಸುಳ್ಳಲ್ಲಿ ಸುತ್ತಿ ಕೊಟ್ರಲ್ಲ!"

ಆ ಕಡೆ ಮ್ಯಾನೇಜರ್ ದನಿ ತಗ್ಗಿತು.

"ನಿಜ ಹೇಳಿದ್ರೆ ಜನ ಹೆದರ್ತಾರೆ ಅಂದ್ಕೊಂಡ್ವಿ."

"ಹೆದರಿದ್ದು ಸುಳ್ಳು ಕೇಳಿ, ಸಾರ್! ದಾರಿಪೂರ್ತಿ ರೆಕ್ಕೆ ನೋಡ್ತಾನೇ ಬಂದೆ."

ಮ್ಯಾನೇಜರ್ ನಕ್ಕುಬಿಟ್ಟರು. "ನಿಮ್ಮ ಮಾತು ಒಪ್ಪಿದೆ. ಮೈಕ್ ಹಿಡಿಯೋರಿಗೆ ಹೇಳ್ತೀನಿ." ಆಮೇಲೆ ಅಕ್ಕನಿಗೆ, "ನೀವು ಚೆನ್ನಾಗಿ ನಿದ್ದೆ ಮಾಡಿ ಬನ್ನಿ. ನಿಮ್ಮ ಸೀಟು ಎಲ್ಲೂ ಹೋಗಲ್ಲ."

ಅಕ್ಕ ಕುರ್ಚಿಯಲ್ಲೇ ಒರಗಿದಳು. ತಂಗಿ ನೀರು ತರುವಷ್ಟರಲ್ಲಿ ಕಣ್ಣು ಮುಚ್ಚಿತ್ತು. ತಂಗಿ ಯಂತ್ರ ಬಿಟ್ಟು, ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡು ಕೈಯಲ್ಲೇ ಅಂಚು ಹೊಲಿಯತೊಡಗಿದಳು.

ಅಷ್ಟರಲ್ಲಿ ಮಾವನ ಗೆಳೆಯನ ಫೋನ್ ಬಂತು, ಕಾರು ಏನಾಯಿತೆಂದು. ಮಾವ ತುದಿಗಾಲಲ್ಲಿ ಬಾಗಿಲ ಹೊರಗೆ ಹೋದ. ಕಿಟಕಿಯಾಚೆಯಿಂದ ಅವನ ಪಿಸುಮಾತು ಕೇಳಿಸಿತು:

"ಏಯ್, ಆ ಕಂಪನೀನ ಬೈಯೋದಿದ್ರೆ ನಾನು ಬೈತೀನಿ, ನೀನ್ಯಾವನು? ಮೆಲ್ಲಗೆ ಮಾತಾಡೋ, ಪೈಲಟ್ ಮಲಗಿದಾಳೆ!"