ಹಿತ್ತಲಿಗೆ ಬಂದ ಗುಂಟೂರು ಕಾಯಿ

ಮದುವೆಯಾಗಿ ಏಳು ವರ್ಷವಾದರೂ ಆ ಮನೆಯಲ್ಲಿ ಭುವನಾಳದು ಅನ್ನುವಂಥದ್ದು ಹಿತ್ತಲೊಂದೇ. ಇಟ್ಟಿಗೆ ಓರೆ ನಿಲ್ಲಿಸಿ ದುಂಡನೆಯ ಪಾತಿ ಕಟ್ಟಿದ್ದಳು. ಕೆಂಪು ಕ್ರೋಟನ್ನಿನ ಪಕ್ಕ ಬದನೆ, ಚೆಂಡುಹೂವಿನ ನಡುವೆ ಮೆಂತ್ಯೆ, ಕಬ್ಬಿಣದ ಕಮಾನಿನ ಮೇಲೆ ಅವರೆ ಬಳ್ಳಿ. ನೋಡಿದವರು ಹಾಗೇ ನಿಲ್ಲುತ್ತಿದ್ದರು. ಅತ್ತೆ ಗದಿಗೆವ್ವನಿಗೆ ಮಾತ್ರ ಅದನ್ನು ಕಂಡರೆ ಮೈ ಉರಿಯುತ್ತಿತ್ತು. "ಕಾಯಿಪಲ್ಯಕ್ಕೂ ಸಿಂಗಾರ ಮಾಡತಾಳ ನಮ್ಮಾಕಿ" ಎಂದು ಬಂದವರ ಮುಂದೆಲ್ಲ ಮೂಗು ಮುರಿಯುತ್ತಿದ್ದಳು.

2006ರ ಫೆಬ್ರುವರಿಯಲ್ಲಿ ಹಾವೇರಿಯ ಮಹಿಳಾ ಸಂಘವೊಂದು ಸಾವಯವ ಕೈತೋಟದ ಸ್ಪರ್ಧೆ ಇಟ್ಟಿತು. ಗದಿಗೆವ್ವ ಕಡ್ಡಿ ಮುರಿದಂತೆ ಹೇಳಿದಳು: "ಬಹುಮಾನ ಬಂತೋ, ಇಟ್ಕೊ. ಬರಲಿಲ್ಲೋ, ಎಲ್ಲಾ ಕೀಳಿಸಿ ಸಿಮೆಂಟ್ ಹಾಕಸ್ತೇನಿ. ನಮಗ ಮೆಣಸಿನಕಾಯಿ ಹರವಾಕ ಜಾಗ ಬೇಕು."

ತೀರ್ಪುಗಾರರು ಬರಲು ಐದು ದಿನವಿರುವಾಗ ಅವರೆ ಬಳ್ಳಿಗೆ ರಸ ಹೀರುವ ಹೇನು ಬಿತ್ತು. ಅಂಗಡಿ ಔಷಧಿ ಹೊಡೆದರೆ ಸ್ಪರ್ಧೆಯಿಂದಲೇ ಹೊರಗೆ. ಭುವನಾ ಮನೆಯ ಮೆಣಸಿನಕಾಯಿ, ಬೆಳ್ಳುಳ್ಳಿ ಅರೆದು, ನೀರಿಗೆ ಕಲಸಿ, ಸೋಸಿ ಎರಡು ದಿನ ಸಿಂಪಡಿಸಿದಳು. ಎಲೆ ಕೆಂಪಾದವು. ಹೇನು ಹಾಯಾಗಿದ್ದವು.

ತೋಟದ ಕೆಲಸಕ್ಕೆ ಬರುತ್ತಿದ್ದ ಡಾಕಪ್ಪ ನಕ್ಕೇಬಿಟ್ಟ. "ಅಕ್ಕಾರ, ಬ್ಯಾಡಗಿ ಕಾಯಿಗೆ ಬಣ್ಣ ಐತಿ, ಖಾರ ಎಲ್ಲೈತ್ರಿ? ಹುಳ ಸಾಯಬೇಕಂದ್ರ ಗುಂಟೂರ ಕಾಯಿನ ಬೇಕು."

ಗುಂಟೂರು ಕಾಯಿ! ಅದು ಆ ಮನೆಯ ಹೊಸ್ತಿಲು ದಾಟಿದ್ದೇ ಇಲ್ಲ. ಮೂರು ತಲೆಮಾರಿನಿಂದ ಅಪ್ಪಟ ಬ್ಯಾಡಗಿ ಕಾಯಿ ಮಾರಿದ ಮನೆತನವೆಂದು ಗದಿಗೆವ್ವನ ಜಂಬ. ಗಂಡನಿಗೆ ಹೇಳಿ ಎಲ್ಲಿಂದಾದರೂ ಒಂದು ಕಿಲೋ ತರಿಸೋಣವೆಂದು ಭುವನಾ ಮಾರ್ಕೆಟ್ ಯಾರ್ಡಿನ ತಮ್ಮ ಅಂಗಡಿಗೆ ಹೋದಳು. ಹೇಳದೆ ಕೇಳದೆ ಹೋದದ್ದು ಒಳ್ಳೆಯದೇ ಆಯಿತು. ಅಂಗಡಿಯ ಹಿಂದೆ ಗಂಡ ವಿಜಯಮಹಾಂತೇಶ ಅಗ್ಗದ ನುಣುಪು ಗುಂಟೂರು ಕಾಯಿಯ ಚೀಲ ಬಿಚ್ಚಿಸಿ, ಸುಕ್ಕು ಬ್ಯಾಡಗಿ ಕಾಯಿಯ ರಾಶಿಗೆ ಬೆರೆಸುತ್ತ ನಿಂತಿದ್ದ. ಹೆಂಡತಿಯನ್ನು ಕಂಡು ಅವನ ಮುಖ ಕಪ್ಪಿಟ್ಟಿತು.

"ಯಾರ ಮುಂದೂ ಬಾಯಿ ಬಿಡಬ್ಯಾಡ."

"ನನಗೊಂದು ಕಿಲೋ ಕೊಡ್ರಿ," ಎಂದಳು ಭುವನಾ. ಅವನ ಮೇಲೆ ಅಸಹ್ಯ ಹುಟ್ಟಿತ್ತು. ಕಾಯಿ ಮಾತ್ರ ಬಿಡದೆ ತಂದಳು.

ಹೊಸ ಕಷಾಯಕ್ಕೆ ಹೇನು ಉದುರಿದವು. ಪಡಸಾಲೆಯಲ್ಲಿದ್ದ ಗದಿಗೆವ್ವ ಘಾಟಿಗೆ ಕೆಮ್ಮುತ್ತ ಹಿತ್ತಲಿಗೆ ಬಂದಳು.

"ಇದು ನಮ್ಮ ಕಾಯಿ ಅಲ್ಲ."

"ನಿಮ್ಮ ಮಗನ ಅಂಗಡೀದ ಐತ್ರಿ, ಅತ್ತಿ."

ಮುದುಕಿ ಕುಸಿದು ಕೂರುತ್ತಾಳೆಂದು ಭುವನಾ ಕಾದಳು. ಗದಿಗೆವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು, ಅಷ್ಟೆ.

"ಗೊತ್ತೈತಿ. ಯಾರ್ಡಿನ್ಯಾಗ ಮಂದಿ ಕಣ್ಣು ಭಾಳ ಆಗ್ಯಾವು. ಇನ್ನ ಬೆರಸೂದು ಮನ್ಯಾಗನ. ಅದಕ್ಕ ಈ ಹಿತ್ತಲ ಬೇಕು. ಬಹುಮಾನ ಬರಲಿ, ಬಿಡಲಿ, ಸೋಮವಾರ ಕೀಳಸ್ತೇನಿ."

ಅಂದರೆ ಕೊಟ್ಟ ಮಾತೇ ಸುಳ್ಳು. ಭುವನಾಳಿಗೆ ಅಳು ಬರಲಿಲ್ಲ, ಸಿಟ್ಟು ನೆತ್ತಿಗೇರಿತು.

ಭಾನುವಾರ ಹಾವೇರಿಯಿಂದ ತೀರ್ಪುಗಾರರಾಗಿ ಮಹಮೂದಾಬೇಗಂ ಎಂಬ ಟೀಚರ್ ಬಂದರು. ಅಕ್ಕಪಕ್ಕದ ವ್ಯಾಪಾರಸ್ಥರ ಹೆಂಡಿರೂ ಹಿಂದೆಯೇ ನುಗ್ಗಿದರು. ಗದಿಗೆವ್ವ ಎಲ್ಲರಿಗೂ ಚಹ ಕೊಡುತ್ತ ಬೆಣ್ಣೆಯಂಥ ಮಾತಾಡುತ್ತಿದ್ದಳು.

"ಹುಳಕ್ಕ ಏನ್ ಹೊಡದೀರಿ?" ಟೀಚರ್ ಕೇಳಿದರು.

ಗದಿಗೆವ್ವ ಮುಂದೆ ಬಂದಳು. "ನಮ್ಮ ಬ್ಯಾಡಗಿ ಕಾಯಿ ಕಷಾಯ ರೀ. ಈ ಮನ್ಯಾಗ ಬ್ಯಾರೆ ಕಾಯಿ ಬರೂದ ಇಲ್ಲ."

"ಅಲ್ರಿ," ಭುವನಾ ಎಲ್ಲರಿಗೂ ಕೇಳುವಂತೆ ಅಂದಳು. "ಗುಂಟೂರ ಕಾಯಿ. ಬ್ಯಾಡಗಿ ಕಾಯಿಗೆ ಬೆರಸಾಕ ನಮ್ಮ ಅಂಗಡ್ಯಾಗ ಚೀಲಗಟ್ಟಲೆ ಐತಿ. ನಾಳಿಂದ ಈ ಗಿಡ ಕಿತ್ತು ಇಲ್ಲೇ ಬೆರಸ್ತಾರಂತ. ನೋಡಾಕ ಬರ್ರಿ."

ಗದಿಗೆವ್ವ ಚಹದ ತಟ್ಟೆ ಕೆಳಗಿಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸೋಮವಾರ ಡಾಕಪ್ಪ ಪಿಕಾಸಿ ಹಿಡಿದು ಬಂದ. ವಿಜಯಮಹಾಂತೇಶ ಅವನನ್ನು ಗೇಟಿನಲ್ಲೇ ವಾಪಸ್ ಕಳಿಸಿದ. ಆಮೇಲೆ ಹೆಂಡತಿಯ ಮುಖ ನೋಡದೆ ಹೇಳಿದ:

"ತ್ವಾಟ ಹಂಗ ಇರಲಿ. ಯಾರರ ಗುಂಟೂರ ಕಾಯಿ ಹುಡುಕ್ಕೊಂಡು ಬಂದ್ರ, ಇಲ್ಲಿ ಬರೇ ಗಿಡ ಅದಾವಂತ ತೋರಸಾಕ ಬೇಕು."